ಮೂರು ಕಿಲೋ ಮುನ್ನೂರು ಗ್ರಾಂ

ಈ ಮನೆಗೆ ಇನ್ನು ಮುಂದೆ ಯಾವ ಸಾಮಾನು ಬಂದರೂ ವಿಜ್ಞಾನದ ಬಾಗಿಲಿನಿಂದಲೇ ಬರಬೇಕು ಎಂದು ಪ್ರವೀಣಕುಮಾರ ಒಂದು ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿನ ತಾಟು ಹಿಡಿದುಕೊಂಡೇ ಸಾರಿದ.

"ಇಲ್ಲೀತನಕ ಮಂದಿ ಮಾತು ಕೇಳಿ ಕೆಟ್ವಿ. ಮಿಕ್ಸರ್ ನಿಮ್ಮಣ್ಣ ಹೇಳಿದ್ದು. ಫ್ರಿಜ್ ಎದುರು ಮನಿಯವ್ರು ಹೇಳಿದ್ದು. ಕೂಲರ್ ಹೇಳಿದಾಂವ ಈಗ ಈ ಓಣ್ಯಾಗ ಹಾದು ಹೋಗೂದೇ ಬಿಟ್ಟಾನ. ಲ್ಯಾಪ್‌ಟಾಪ್ ಮಾತ್ರ ನಾ ಆರಿಸ್ತೀನಿ. ಪರೀಕ್ಷಾ ಮಾಡಿ ಆರಿಸ್ತೀನಿ."

ಅವನ ಹೆಂಡತಿ ಪ್ರೇಮಲಾ ಅವನ ತಾಟಿಗೆ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದಳು. ಹನ್ನೊಂದು ವರ್ಷದ ಸಂಸಾರದಲ್ಲಿ ಅವಳು ಕಲಿತದ್ದು ಏನೆಂದರೆ, ಗಂಡ 'ಪರೀಕ್ಷಾ' ಎಂದ ದಿನ ವಾದ ಮಾಡಿದರೆ ಪರೀಕ್ಷೆ ಎರಡಾಗುತ್ತದೆ.

ಪ್ರವೀಣಕುಮಾರ ನಾರಾಯಣಖೇಡದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ. ಮನೆ ಜಹೀರಾಬಾದಿನಲ್ಲಿ. ದಿನಾ ಹೋಗುವಾಗ ಒಂದೂವರೆ ತಾಸು, ಬರುವಾಗ ಒಂದೂವರೆ ತಾಸು ಬಸ್ಸು. ಪ್ರೇಮಲಾ ಮನೆಯಲ್ಲೇ ಕುಳಿತು ಮಂದಿಯ ಮನೆಗಳಿಗೆ ನಕ್ಷೆ ಬರೆಯುತ್ತಿದ್ದಳು. ಮೊದಮೊದಲು ಓಣಿಯವರ ಅಡುಗೆಮನೆ, ಬಚ್ಚಲು ಅಷ್ಟೇ. ಆಮೇಲೆ ಪೂರಾ ಮನೆಗಳು. ಈಗ ತಾಂಡೂರಿನ ಕಲ್ಲಿನ ವ್ಯಾಪಾರಿ ರೇವಪ್ಪನವರು ತಮ್ಮ ಎರಡಂತಸ್ತಿನ ಮನೆಯ ಕೆಲಸ ಕೊಟ್ಟಿದ್ದರು. ಬರೇ ಗೆರೆಯ ನಕ್ಷೆ ನಡೆಯುವುದಿಲ್ಲ, ಮನೆಯೊಳಗೆ ತಿರುಗಾಡಿದ ಹಾಗೆ ಕಾಣಬೇಕು, ಅದೂ ಮೂರು ವಾರದಲ್ಲಿ ಎಂದಿದ್ದರು. ಜಹೀರಾಬಾದಿನ ಆಚೆಯಿಂದ ಅವಳಿಗೆ ಬಂದ ಮೊದಲನೇ ಕೆಲಸ ಅದು. ಆ ಮನೆಗೆ ಮೆಟ್ಟಿಲು ಹಾಕುವಾಗಲೇ ಹಳೇ ಲ್ಯಾಪ್‌ಟಾಪ್ ಒಮ್ಮೆ ನೀಲಿಯಾಗಿ, ಆಮೇಲೆ ಕಪ್ಪಾಗಿ, ಕೊನೆಗೆ ಕೈಲಾಸ ಸೇರಿತ್ತು.

ಆ ಭಾನುವಾರವೇ ಇಬ್ಬರೂ ಧನರಾಜನ ಕಂಪ್ಯೂಟರ್ ಅಂಗಡಿಗೆ ಹೋದರು. ಧನರಾಜ ಎರಡು ಲ್ಯಾಪ್‌ಟಾಪ್ ತಂದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ. ರೇಟು ಹೆಚ್ಚುಕಮ್ಮಿ ಒಂದೇ. ಒಂದು ಹಪ್ಪಳದಂತೆ ತೆಳ್ಳಗೆ, ಒಂದು ಕಿಲೋ ಇನ್ನೂರು ಗ್ರಾಂ. ಇನ್ನೊಂದು ಕರ್ರಗೆ, ದಪ್ಪಗೆ, ಎರಡೂವರೆ ಕಿಲೋ. ಅದರ ಚಾರ್ಜರೇ ಬೇರೆ ಎಂಟುನೂರು ಗ್ರಾಂ.

ಪ್ರವೀಣಕುಮಾರ ತೆಳ್ಳಗಿನದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದ. ಮುಖದಲ್ಲಿ ಮದುಮಗನ ಕಳೆ ಬಂತು.

ಪ್ರೇಮಲಾ ಪರ್ಸಿನಿಂದ ಪೆನ್‌ಡ್ರೈವ್ ತೆಗೆದು ರೇವಪ್ಪನವರ ಮನೆಯನ್ನು ಎರಡರಲ್ಲೂ ತೆರೆದಳು. ತೆಳ್ಳಗಿನದರಲ್ಲಿ ಒಂದೊಂದೇ ಗೋಡೆ ಎದ್ದಿತು. ಬಾಗಿಲು ಬಂತು, ಕಿಟಕಿ ಬಂತು. ಮಾಳಿಗೆಗೆ ಕಾಯುವಷ್ಟರಲ್ಲಿ ಧನರಾಜ ತರಿಸಿದ ಚಹಾ ಬಂದು, ಕುಡಿದು, ಕಪ್ಪು ವಾಪಸು ಹೋಯಿತು. ಮಾಳಿಗೆ ಬರಲಿಲ್ಲ. ಕರಿಯದರಲ್ಲಿ ಒತ್ತಿದ ಕೂಡಲೇ ಮನೆ ಪೂರಾ ನಿಂತಿತು. ಅಂಗಳದ ಗಿಡದ ನೆರಳು ಸಹಿತ.

"ಆತು ಬಿಡ್ರಿ. ಇದೇ ಇರ್ಲಿ" ಎಂದಳು ಪ್ರೇಮಲಾ.

"ಹಾಂಗ ಹ್ಯಾಂಗ ಆಗ್ತದ? ನಾ ಕಾಲೇಜಿಗೆ ಒಯ್ಬೇಕು. ಪಾಠದ ಸ್ಲೈಡ್ ತೋರಿಸ್ಬೇಕು. ಇದನ್ನ ಹೊತ್ಕೊಂಡು ದಿನಾ ಮೂರು ತಾಸು ಬಸ್ಸಿನ್ಯಾಗ ನಿಂತ್ರ ಹೆಗಲು ಉಳೀತದೇನು?"

"ನೀವು ವಾರಕ್ಕ ಒಂದು ದಿನ ಸ್ಲೈಡ್ ತೋರಿಸ್ತೀರಿ. ನಾ ದಿನಾ ಎಂಟು ತಾಸು ಕುಂದರ್ತೀನಿ."

"ಬಾಯಿಮಾತು ಬ್ಯಾಡ. ಪರೀಕ್ಷಾ ಮಾಡೋಣ. ಒಂದು ವಾರ ಇಷ್ಟೇ ವಜ್ಜ ಹೊತ್ಕೊಂಡು ಓಡಾಡ್ತೀನಿ. ಹೊರಾಕ ಆದ್ರ ಇದು. ಆಗಲಿಲ್ಲಂದ್ರ ಅದು. ಧನರಾಜ, ಎರಡನ್ನೂ ಒಂದು ವಾರ ತಗದಿಡು."

ಧನರಾಜ ಪ್ರೇಮಲಾಳ ಮುಖ ನೋಡಿದ. ಪ್ರೇಮಲಾ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

ಮನೆಯಲ್ಲಿ ಮೂರು ಕಿಲೋ ಮುನ್ನೂರು ಗ್ರಾಂ ತೂಗುವಂಥದ್ದು ಏನಿದೆ? ಪುಸ್ತಕ ಇಟ್ಟರೆ ಮೂಲೆ ಚುಚ್ಚುತ್ತವೆ. ಇಟ್ಟಂಗಿ ಇಟ್ಟರೆ ಚೀಲ ಹರಿಯುತ್ತದೆ. ಕೊನೆಗೆ ಪ್ರವೀಣಕುಮಾರನ ಕಣ್ಣು ಅಡುಗೆಮನೆಯ ದೊಡ್ಡ ತಗಡಿನ ಪತ್ರಾಡಬ್ಬಿಯ ಮೇಲೆ ಬಿತ್ತು. ಕೊಹೀರಿನ ತಮ್ಮ ಹೊಲದ ತೊಗರಿ. ಅವನ ತಾಯಿ ಸುಗಲಾಬಾಯಿ ಮುಂದೆ ಕೂತು ಒಡೆಸಿ, ಬಿಸಿಲಿಗೆ ಹಾಕಿ, ವರ್ಷಕ್ಕಾಗುವಷ್ಟು ತುಂಬಿಟ್ಟ ಬೇಳೆ. ಎರಡೂವರೆ ಕಿಲೋ ಒಂದು ಬಟ್ಟೆಚೀಲದಲ್ಲಿ ಹಾಕಿ ಬ್ಯಾಗಿನ ನಡುವೆ ಇಟ್ಟ. ಎಂಟುನೂರು ಗ್ರಾಂ ಬೇರೆ ಗಂಟು ಕಟ್ಟಿ ಬದಿಯ ಖಾನೆಗೆ ಸೇರಿಸಿದ. ವಿಜ್ಞಾನದಲ್ಲಿ ಚೌಕಾಶಿ ಇಲ್ಲ.

ಸುಗಲಾಬಾಯಿ ಬಗ್ಗಿ ನೋಡಿದರು. "ಇದೇನಪಾ?"

"ಲ್ಯಾಪ್‌ಟಾಪ್ ಅವ್ವಾ. ಈ ಸಣ್ಣ ಗಂಟು ಚಾರ್ಜರ್."

ಸುಗಲಾಬಾಯಿ ಸೊಸೆಯ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಮೊನ್ನೆ ಇವಗ ಜ್ವರ ಬಂದಿದ್ವಲ್ಲ, ಪೂರಾ ಇಳದಾವೇನು?"

ಸೋಮವಾರ ಸಂಜೆ ಪ್ರವೀಣಕುಮಾರ ನರಳುತ್ತಾ ಬಂದ. ಎಣ್ಣೆ ಹಚ್ಚಿಸಿಕೊಂಡ. ಅದಕ್ಕೆಂದೇ ತಂದ ಹೊಸ ನೋಟ್‌ಬುಕ್ಕಿನಲ್ಲಿ ಬರೆದ: 'ಎಡ ಹೆಗಲು: ನೋವು. ಬಲ ಹೆಗಲು: ನೋವಿನ ಲಕ್ಷಣ. ಮನಸ್ಸು: ಕುಗ್ಗಿದೆ.' ಬರೆದದ್ದನ್ನು ಪ್ರೇಮಲಾಳಿಗೆ ಕೇಳುವಂತೆ ಎರಡು ಸಲ ಓದಿದ. ಪರೀಕ್ಷೆ ಅವನು ಅಂದುಕೊಂಡ ದಿಕ್ಕಿಗೇ ಸಾಗಿತ್ತು.

ಮಂಗಳವಾರ ಸ್ಟಾಫ್‌ರೂಮಿನಲ್ಲಿ ಕೆಡುಕು ಬಂತು. ಕುರ್ಚಿಗೆ ನೇತುಹಾಕಿದ ಬ್ಯಾಗು ಜಾರಿ ಬಿದ್ದು, ಚಾರ್ಜರಿನ ಗಂಟು ಬಿಚ್ಚಿ, ಹಳದಿ ಬೇಳೆ ಫರಶಿಯ ಮೇಲೆ ಹರಡಿತು. ಗಣಿತದ ಬಾಲಮಣಿ ಮೇಡಂ ಪೇಪರು ತಿದ್ದುವುದನ್ನು ಬಿಟ್ಟು ಎದ್ದು ಬಂದರು.

"ಏನ್ರಿ ಸರ್ ಇದು?"

ಪ್ರವೀಣಕುಮಾರ ಖರೆ ಹೇಳಬಹುದಿತ್ತು. ಆದರೆ ಲ್ಯಾಪ್‌ಟಾಪಿನ ಚಾರ್ಜರು ಚೆಲ್ಲಿತು ಎಂದು ಹದಿನೆಂಟು ವರ್ಷ ಭೌತಶಾಸ್ತ್ರ ಹೇಳಿದ ಮನುಷ್ಯ ಯಾವ ಬಾಯಿಂದ ಹೇಳಬೇಕು? "ನಮ್ಮ ಹೊಲದ್ದ್ರಿ" ಎಂದ.

ಬಾಲಮಣಿ ಮೇಡಂ ನಾಲ್ಕು ಕಾಳು ಎತ್ತಿ, ಊದಿ, ಹಲ್ಲಿನಲ್ಲಿ ಕಡಿದರು. "ಮನಿ ಬ್ಯಾಳಿ. ದುಕಾನದಾಗ ಈ ರುಚಿ ಬಿಲ್ಕುಲ್ ಸಿಗಂಗಿಲ್ಲ. ನಾಳೆ ನಂಗ ಎರಡು ಕಿಲೋ ತರ್ರಿ ಸರ್."

ಅಷ್ಟರಲ್ಲಿ ಪ್ರಿನ್ಸಿಪಾಲರು ಒಳಗೆ ಬಂದರು. ಅವರೂ ಕಡಿದು ನೋಡಿದರು. ಅವರು ನಾಳೆಯ ತನಕ ಕಾಯುವ ಜಾತಿಯಲ್ಲ. "ಇದು ಯಾರಿಗೂ ಕೊಡ್ತೀನಂದಿದ್ದಲ್ಲ, ಹೌದಲ್ಲ?" ಎಂದು ಜವಾನನನ್ನು ಕರೆದು, ಚೀಲವನ್ನೂ ಗಂಟನ್ನೂ ತಮ್ಮ ಗಾಡಿಗೆ ಇಡಿಸಿಬಿಟ್ಟರು.

ಸಂಜೆ ಪ್ರೇಮಲಾ ಖಾಲಿ ಬ್ಯಾಗು ನೋಡಿದಳು.

"ಲ್ಯಾಪ್‌ಟಾಪ್ ಎಲ್ಲೈತ್ರಿ?"

"ಪ್ರಿನ್ಸಿಪಾಲ್ರು ಒಯ್ದ್ರು."

"ಚಾರ್ಜರ್?"

"ಅದನ್ನೂ."

ಬುಧವಾರ ಪರೀಕ್ಷೆಗೆ ಹೊಸ ಮೂರು ಕಿಲೋ ಮುನ್ನೂರು ಗ್ರಾಂ, ಅದರ ಮೇಲೆ ಬಾಲಮಣಿ ಮೇಡಂ ಅವರ ಎರಡು ಕಿಲೋ. ಸ್ಟಾಫ್‌ರೂಮಿಗೆ ಹೋಗಿ ಕುಳಿತರೆ ಕ್ಲಾರ್ಕು ಬಂದು ನಿಂತ. "ಪ್ರಿನ್ಸಿಪಾಲ್ರ ಮನ್ಯಾಗ ರಾತ್ರಿ ಬ್ಯಾಳಿ ಕುದ್ದ ವಾಸನಿ ನಮ್ಮ ಮನೀತನಕ ಬಂತ್ರಿ. ನಂಗೊಂದು ಎರಡು ಕಿಲೋ." ಲೈಬ್ರರಿಯವರು ಚೀಟಿ ಕಳಿಸಿದರು. ರಸಾಯನಶಾಸ್ತ್ರದವರು ಸ್ವಂತ ಚೀಲವನ್ನೇ ತಂದುಕೊಟ್ಟರು. ಇಲ್ಲ ಎನ್ನಲು ಪ್ರವೀಣಕುಮಾರ ಪ್ರತಿ ಸಲವೂ ಬಾಯಿ ತೆರೆದ. ಪ್ರತಿ ಸಲವೂ ಅದರಿಂದ 'ಆತ್ರಿ' ಎಂಬ ಶಬ್ದವೇ ಹೊರಬಿತ್ತು.

ಶನಿವಾರ ಹೆಗಲಿಗೊಂದು, ಕೈಗೊಂದು ಚೀಲ. ಎರಡೂ ಕೂಡಿ ಹನ್ನೊಂದು ಕಿಲೋ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಡಕ್ಟರ್ ಲಗೇಜಿನ ಟಿಕೆಟ್ ಹರಿಯಲೇನು ಎಂದು ಕೇಳಿದ. ಪಕ್ಕದಲ್ಲಿ ನಿಂತಿದ್ದ ಮುದುಕರೊಬ್ಬರು ಚೀಲ ಮುಟ್ಟಿ ನೋಡಿ, "ತೊಗರಿಬ್ಯಾಳಿ ಎಲ್ಲಿಗೆ ಒಯ್ಯಾಕತ್ತೀರಿ ಮಾಸ್ತರ್?" ಎಂದರು.

"ನಾರಾಯಣಖೇಡಕ್ಕ."

ಮುದುಕರು ಚೀಲದಿಂದ ಕೈ ತೆಗೆದರು. ಮಾರ್ಕೆಟ್ಟಿಗೆ ದಿನಾ ಗಾಡಿಗಟ್ಟಲೆ ತೊಗರಿ ಬಂದು ಬೀಳುವ ಊರು ಅದು. "ಇಷ್ಟು ಓದಿದವ್ರು" ಎಂದು ಪಕ್ಕದವನಿಗೆ ಹೇಳಿದರು, "ವ್ಯಾಪಾರ ಮಾಡಬಾರ್ದು."

ಪ್ರವೀಣಕುಮಾರನಿಗೆ ರೋಷ ಉಕ್ಕಿತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ. ಇಳಿಯುವ ತನಕ ವಿಚಾರ ಮಾಡಿದರೂ ತನ್ನ ಹೊರತು ಬೇರೆ ಹೆಸರು ಸಿಗಲಿಲ್ಲ.

ಆ ಸಂಜೆ ಅವನು ಮನೆ ಮುಟ್ಟಿದಾಗ ಸುಗಲಾಬಾಯಿ ಪತ್ರಾಡಬ್ಬಿಯನ್ನು ಬಾಗಿಲಲ್ಲೇ ಬೋರಲು ಹಾಕಿ ಕೂತಿದ್ದರು. "ನಿನ್ನ ಶಾಸ್ತ್ರಕ್ಕ ಡಬ್ಬಿ ಬರಿದಾತು, ಇನ್ನ ನಾವು ಬರೇ ಹುಣಸಿ ನೀರು ಕುಡಿಯೂದೇ. ವರ್ಷದ ಬ್ಯಾಳಿ ಇದು. ಯಾಂವರೆ ಕಳ್ಳ ಬಂದು ಒಯ್ದಿದ್ರೂ ಡಬ್ಬಿತಳಕ್ಕ ಒಂದು ಹಿಡಿ ಬಿಡ್ತಿದ್ದ."

ಪ್ರೇಮಲಾ ಬೈಯಲಿಲ್ಲ. ನೋಟ್‌ಬುಕ್ ತಂದು ಅವನ ಮುಂದೆ ಇಟ್ಟಳು. ಸೋಮವಾರ ಒಂದು ಪುಟ ತುಂಬ ನೋವಿತ್ತು. ಮಂಗಳವಾರ ಅರ್ಧ ಪುಟ. ಬುಧವಾರದಿಂದ ಯಾರಿಗೆ ಎಷ್ಟು ಕಿಲೋ ಎಂಬುದಷ್ಟೇ ಇತ್ತು. ನೋವಿನ ಜಾಗ ಖಾಲಿ.

"ಇವತ್ತು ಎಷ್ಟು ಹೊತ್ರಿ?"

"ಹನ್ನೊಂದು."

"ಹೆಗಲು?"

ಪ್ರವೀಣಕುಮಾರ ಹೆಗಲು ಮುಟ್ಟಿ ನೋಡಿಕೊಂಡ. ಅದು ಚೆನ್ನಾಗಿಯೇ ಇತ್ತು, ದ್ರೋಹಿ. "ಮಂದಿ ಕೇಳಿದ್ರು. ಇಲ್ಲ ಅನ್ನಾಕ ಆಗಲಿಲ್ಲ" ಎಂದ.

"ನಾನೂ ಕೇಳಿದ್ದೆ" ಎಂದಳು ಪ್ರೇಮಲಾ.

ಅಷ್ಟೇ ಅಂದದ್ದು. ಅಂದು ಅಡುಗೆಮನೆಗೆ ಹೋದಳು. ಮೂರು ವಾರದಲ್ಲಿ ಒಂದು ವಾರ ಬೇಳೆಯಲ್ಲಿ ಹೋಗಿತ್ತು. ಆ ವಾರವೆಲ್ಲ ಅವಳು ರೇವಪ್ಪನವರ ಮನೆಯ ಮೆಟ್ಟಿಲನ್ನು ಹಳೇ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಿಂದ ಬರೆಯುತ್ತಾ ಅಳಿಸುತ್ತಾ ಕೂತಿದ್ದಳು. ಆ ಹಾಳೆಗಳು ಮಂಚದ ಮೇಲೆ ಹರಡಿದ್ದವು. ದಿನಾ ಚೀಲ ಇಳಿಸಿ ಅದೇ ಮಂಚದ ಮೇಲೆ ಕೂರುತ್ತಿದ್ದವನು ಅವುಗಳನ್ನು ಬದಿಗೆ ಸರಿಸಿದ್ದ, ಓದಿರಲಿಲ್ಲ. ಈಗ ಒಂದನ್ನು ಎತ್ತಿ ನೋಡಿದ. ಮೂಲೆಯಲ್ಲಿ ಸಣ್ಣಗೆ ಬರೆದಿತ್ತು: 'ರೇವಪ್ಪನವರ ತಾಯಿಗೆ ಮೊಣಕಾಲು ನೋವು, ಮೆಟ್ಟಿಲು ಗಿಡ್ಡ ಇರಲಿ.'

ಪ್ರವೀಣಕುಮಾರ ಚಪ್ಪಲಿ ಬಿಚ್ಚದೆ ಹಾಗೇ ಹೊರಬಿದ್ದ. ಧನರಾಜ ಅಂಗಡಿಯ ಶಟರ್ ಅರ್ಧ ಇಳಿಸಿದ್ದ. ಇವನನ್ನು ಕಂಡು ಒಳಗೆ ಹೋಗಿ, ಕರಿಯದನ್ನು ಡಬ್ಬಿ ಸಮೇತ ತಂದ.

"ಅವತ್ತೇ ಕಟ್ಟಿಟ್ಟಿದ್ದೆ ಸರ್. ನಮ್ಮ ಮನ್ಯಾಕೀನೂ ಮೇಡಂ ಹಾಂಗೇ ಸುಮ್ಕಿರ್ತಾಳ."

ಮುಂದಿನ ಹತ್ತು ದಿನ ಪ್ರೇಮಲಾ ಅದರ ಮುಂದಿನಿಂದ ಏಳಲಿಲ್ಲ. ಪ್ರವೀಣಕುಮಾರ ಚಹಾ ಮಾಡಿದ, ಅನ್ನಕ್ಕೆ ಇಟ್ಟ, ಒಮ್ಮೆ ಅನ್ನ ಹೊತ್ತಿಸಿದ. ಸಲಹೆ ಕೊಡಲು ಎರಡು ಸಲ ಹತ್ತಿರ ಹೋಗಿ, ಎರಡು ಸಲವೂ ತಾಯಿಯ ಕಣ್ಣು ಕಂಡು ಹಿಂದೆ ಬಂದ.

ತಾಂಡೂರಿಗೆ ಹೋಗುವ ದಿನ ಅವನು ರಜೆ ಹಾಕಿದ. ಪ್ರೇಮಲಾ ಸುರುಳಿ ಸುತ್ತಿದ ನಕ್ಷೆ ಹಿಡಿದು ಮುಂದೆ, ಇವನು ಬ್ಯಾಗು ಹೊತ್ತು ಹಿಂದೆ. ರೇವಪ್ಪನವರ ಅಂಗಳದ ತುಂಬ ನೀಲಿ ಕಲ್ಲಿನ ಚಪ್ಪಡಿಗಳು ಆಳೆತ್ತರ ಪೇರಿಸಿದ್ದವು. ಒಳಗೆ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಾಗ ಮನೆ ಎದ್ದು ನಿಂತಿತು. ರೇವಪ್ಪನವರು ಕನ್ನಡಕ ಏರಿಸಿ ಅಂಗಳ ದಾಟಿದರು, ಪಡಸಾಲೆ ದಾಟಿದರು, ಮೆಟ್ಟಿಲ ಹತ್ತಿರ ನಿಂತರು. ಒಳಗಿನಿಂದ ತಾಯಿಯನ್ನು ಕರೆಸಿದರು. ಮುದುಕಿ ಪರದೆಗೆ ಮುಖ ತಂದು ಮೆಟ್ಟಿಲುಗಳನ್ನು ಬೆರಳಿನಿಂದ ಎಣಿಸಿ, "ಇವು ನಾ ಹತ್ತತೀನಿ" ಎಂದಳು.

"ಆತ್ರಿ ಮೇಡಂ, ಮುಗೀತು" ಎಂದರು ರೇವಪ್ಪನವರು. "ಪೆದ್ದೆಮುಲ್‌ನಾಗ ನಮ್ಮ ತಮ್ಮನೂ ಕಟ್ಟಿಸ್ತಾನ. ಅದನ್ನೂ ನೀವೇ ನೋಡ್ರಿ."

ಪ್ರೇಮಲಾಳ ಕಿವಿ ಕೆಂಪಾದವು. ಪ್ರವೀಣಕುಮಾರನ ಎದೆ ಉಬ್ಬಿತು. ಅವನು ಆಗ ಗೋಡೆಗೆ ಬಗ್ಗಿ, ಎಂಟುನೂರು ಗ್ರಾಮಿನ ಚಾರ್ಜರ್ ಹಿಡಿದು ಪ್ಲಗ್ಗಿನ ಜಾಗ ಹುಡುಕುತ್ತಿದ್ದ. ರೇವಪ್ಪನವರು ಅವನನ್ನು ಮೇಲಿಂದ ಕೆಳಗೆ ನೋಡಿ, ಮೆಚ್ಚಿಗೆಯಿಂದ ತಲೆಯಾಡಿಸಿದರು.

"ಸಾಮಾನು ಹೊರಾಕ ಒಬ್ರನ್ನ ಇಟ್ಕೊಂಡಿದ್ದು ಚಲೋ ಮಾಡೀರಿ. ಕೆಲಸಕ್ಕ ಹುಷಾರ್ ಕಾಣ್ತಾರ. ಭಾಳ ದಿನದವ್ರೇನ್ರಿ?"

ಪ್ರವೀಣಕುಮಾರ ನೆಟ್ಟಗೆ ನಿಂತ. ಹೆಸರು, ಪದವಿ, ಕಾಲೇಜು, ಹದಿನೆಂಟು ವರ್ಷದ ಅನುಭವ ಎಲ್ಲ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಬಾಯಿ ತೆರೆದ.

ಪ್ರೇಮಲಾ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಹೌದ್ರಿ" ಎಂದಳು. "ಮದಿವಿ ಆದಾಗಿಂದ ಇದ್ದಾರ."