ಬಿಳಿ ಬೂಟಿನ ಹರಕೆ

ಎಲ್ಲಕ್ಕೂ ಮೂಲ ಒಂದು ಜೊತೆ ಬಿಳಿ ಕ್ಯಾನ್ವಾಸ್ ಬೂಟು. ಅದು ಕಚ್ಚದೇ ಇದ್ದಿದ್ದರೆ ರುದ್ರಮುನಿ ಅವತ್ತು ದೇವರಾಜ ಅರಸು ಬಡಾವಣೆಯ ಪಾರ್ಕನ್ನು ನಾಲ್ಕು ಸುತ್ತು ಹಾಕಿ, ಮನೆಗೆ ಬಂದು ಬಿಸಿನೀರಲ್ಲಿ ಕಾಲಿಟ್ಟುಕೊಂಡು ಕೂತಿರುತ್ತಿದ್ದ. ಹರಿಹರದ ಬೆಲ್ಲದಂಗಡಿಯ ತಕ್ಕಡಿಯಲ್ಲಿ ಕೂರುವ ಪ್ರಸಂಗ ಅವನಿಗೆ ಬರುತ್ತಲೇ ಇರಲಿಲ್ಲ.

ರುದ್ರಮುನಿಗೆ ಚೌಕಿಪೇಟೆಯಲ್ಲಿ ಪಾತ್ರೆ ಅಂಗಡಿ. ಬೆಳಿಗ್ಗೆ ಗಾದಿಯ ಮೇಲೆ ಕೂತರೆ ಏಳುವುದು ಊಟಕ್ಕೆ, ಊಟ ಮಾಡಿ ಬಂದು ಕೂತರೆ ಏಳುವುದು ಅಂಗಡಿಗೆ ಬೀಗ ಹಾಕುವುದಕ್ಕೆ. ವರ್ಷಗಟ್ಟಲೆ ಹೀಗೆ ಕೂತದ್ದರಿಂದ ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆಯೇ ನಡೆಯುತ್ತಿತ್ತು. ಹೋದ ವಾರ ಡಾಕ್ಟರು ರಕ್ತದ ರಿಪೋರ್ಟು ನೋಡಿ, ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ, ಒಳಗೆ ಕರೆಯುವುದೋ ಕಳಿಸುವುದೋ ನಿಮಗೇ ಬಿಟ್ಟಿದ್ದು ಅಂದಿದ್ದರು. ಅದಾದ ಭಾನುವಾರವೇ ಪೇಪರಿನ ಪುರವಣಿಯಲ್ಲಿ ಒಂದು ಲೇಖನ ಬಂತು. ದಿನಾ ಮುಂಜಾನೆ ಓಡುವವನ ಮೈ ಮಾತ್ರವಲ್ಲ ಬದುಕೇ ಶಿಸ್ತಿಗೆ ಬರುತ್ತದಂತೆ, ಕೆಲಸ ಎರಡರಷ್ಟು ಸಾಗುತ್ತದಂತೆ, ಶುರುಮಾಡುವುದಕ್ಕೆ ಸೋಮವಾರ ಒಳ್ಳೆಯದಂತೆ. ದಾವಣಗೆರೆ ಜಿಲ್ಲೆಯಾಗಿ ಆಗ ವರ್ಷ ತುಂಬುತ್ತಿತ್ತು. ಊರು ದೊಡ್ಡದಾಗುತ್ತಿರುವಾಗ ತಾನು ಸಣ್ಣಗಾಗಬೇಕೆಂದು ರುದ್ರಮುನಿ ತೀರ್ಮಾನಿಸಿದ. ಬೂಟು ಕೊಂಡು ತಂದು ಹೆಂಡತಿಗೆ ತೋರಿಸಿದ.

"ಆಗ್ಲಿ ಬಿಡ್ರಿ" ಅಂದಳು ಅನ್ನಪೂರ್ಣಮ್ಮ.

ಅವಳದ್ದೂ ತಪ್ಪಲ್ಲ. ಯೋಗ ಕಲಿಯುತ್ತೇನೆಂದು ಹೋದವನು ಶವಾಸನದಲ್ಲಿ ಗೊರಕೆ ಹೊಡೆದು, ಉಳಿದವರ ಧ್ಯಾನ ಕೆಡಿಸಿ ಬಂದಿದ್ದ. ಅಂಗಡಿಗೆ ಹೋಗಲು ಕೊಂಡ ಸೈಕಲ್ಲಿನ ಮೇಲೆ ಈಗ ಟವೆಲ್ ಒಣಗುತ್ತಿತ್ತು. ಬೇವಿನ ರಸ ಮೂರನೇ ದಿನದಿಂದ ಗುಟ್ಟಾಗಿ ದಾಸವಾಳದ ಬುಡ ಸೇರಿತ್ತು. ಮೊದಮೊದಲು ಅವಳು ನಗುತ್ತಿದ್ದಳು, ಆಮೇಲೆ ಜಗಳ ಮಾಡುತ್ತಿದ್ದಳು, ಈಗ ಬರೀ ಈ ಎರಡು ಮಾತು. ಬೈದರೆ ತಡೆದುಕೊಳ್ಳಬಹುದು, ಇದನ್ನು ತಡೆದುಕೊಳ್ಳುವುದು ಕಷ್ಟ. ಹಿಡಿದ ಕೆಲಸ ಒಂದನ್ನಾದರೂ ಕೊನೆಮುಟ್ಟಿಸಿ ಅವಳ ಬಾಯಲ್ಲಿ ಬೇರೆ ಮಾತು ಹೊರಡಿಸಬೇಕು ಅನ್ನುವುದು ರುದ್ರಮುನಿಗೆ ಸಕ್ಕರೆ ಕಾಯಿಲೆಗಿಂತ ದೊಡ್ಡ ಚಿಂತೆಯಾಗಿತ್ತು.

ಸೋಮವಾರ ಬೆಳಕು ಹರಿಯುವ ಮುಂಚೆ ಎದ್ದ. ಸ್ನಾನ, ಲಿಂಗಪೂಜೆ ಆಗದೆ ಹೊಸ್ತಿಲು ದಾಟಿದವನಲ್ಲ, ಹಾಗಾಗಿ ಎರಡನ್ನೂ ಮುಗಿಸಿ ಹಣೆಗೆ ಮೂರೆಳೆ ವಿಭೂತಿ ಬಳಿದುಕೊಂಡ. ಈ ವಯಸ್ಸಿನಲ್ಲಿ ಚಡ್ಡಿ ಹಾಕಿ ಬೀದಿಗೆ ಇಳಿಯುವುದಕ್ಕೆ ನಾಚಿಕೆ, ಆದ್ದರಿಂದ ಬಿಳಿ ಪಂಚೆಯನ್ನೇ ಕಚ್ಚೆ ಕಟ್ಟಿದ. ಕಾಲಿಗೆ ಬೂಟು ಏರಿಸಿ ಹೊರಟ. ಎರಡನೇ ತಿರುವಿಗೆ ಬೂಟು ಹಿಮ್ಮಡಿ ಕಚ್ಚಿತು, ಮೂರನೇ ತಿರುವಿಗೆ ಚರ್ಮ ಕಿತ್ತಿತು. ಬೂಟು ಬಿಚ್ಚಿ ಹೂವಿನ ರಂಗವ್ವನ ಹಲಗೆಯ ಕೆಳಗೆ ಇಟ್ಟು, ಹರಿಹರದ ರಸ್ತೆ ಸಿಗುವತನಕ ಬರಿಗಾಲಲ್ಲೇ ಓಡಿ ವಾಪಸು ಬಂದರಾಯಿತು ಅಂದುಕೊಂಡ.

ರಂಗವ್ವ ಮಾಲೆ ಕಟ್ಟುವುದು ನಿಲ್ಲಿಸಿ ನೋಡಿದಳು. ನಮ್ಮೂರಲ್ಲಿ ದೊಡ್ಡವರು ಸುಮ್ಮಸುಮ್ಮನೆ ಓಡುವುದಿಲ್ಲ. ಬಸ್ಸು ತಪ್ಪಬೇಕು, ಇಲ್ಲ ನಾಯಿ ಬೆನ್ನು ಹತ್ತಬೇಕು. ಇಲ್ಲಿ ಬಸ್ಸೂ ಇಲ್ಲ, ನಾಯಿಯೂ ಇಲ್ಲ. ಮಿಂದ ಮೈ, ಹಣೆ ತುಂಬ ವಿಭೂತಿ, ಬಿಳಿ ಪಂಚೆ, ಬರಿಗಾಲು, ಮುಖ ಹರಿಹರದ ಕಡೆಗೆ. ಅದೂ ಶ್ರಾವಣದ ಸೋಮವಾರ. ಶ್ರಾವಣದ ಸೋಮವಾರ ಅನ್ನುವುದು ಊರಿಗೆಲ್ಲ ನೆನಪಿತ್ತು, ರುದ್ರಮುನಿಯೊಬ್ಬನಿಗೆ ಇರಲಿಲ್ಲ.

"ಹರಕೇನ್ರೀ ಯಜಮಾನ್ರೇ?" ಅಂದಳು.

ರುದ್ರಮುನಿಗೆ ಏದುಸಿರು. ಉಸಿರಿದ್ದರೂ ಹೊಟ್ಟೆ ಕರಗಿಸುವುದಕ್ಕೆ ಅಂತ ಹೆಂಗಸರ ಮುಂದೆ ಹೇಗೆ ಹೇಳುವುದು? ಹೂಂ ಅಂತ ತಲೆ ಆಡಿಸಿಬಿಟ್ಟ.

ರಂಗವ್ವ ಕೈ ಮುಗಿದಳು. ಅವನ ಕೊರಳಿಗೆ ಸೇವಂತಿಗೆ ಮಾಲೆ ಬಂತು, ಕೈಗೆ ತೆಂಗಿನಕಾಯಿ ಬಂತು. ಮೊಮ್ಮಗಳಿಗೆ ಮಾತು ಬರುವುದು ತಡವಾಗಿದೆ, ಅವಳ ಹೆಸರಲ್ಲಿ ಹರಿಹರೇಶ್ವರನಿಗೆ ಒಡೆಸಬೇಕು ಅಂದಳು. ಹರಕೆ ಹೊತ್ತು ಹೋಗುವವನ ಕೈಲಿ ಕಳಿಸಿದ ಕಾಯಿ ತಾವೇ ಹೋಗಿ ಒಡೆಸಿದ್ದಕ್ಕಿಂತ ಬೇಗ ದೇವರಿಗೆ ಮುಟ್ಟುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಬೇಡವೆನ್ನುವಂತಿಲ್ಲ. ಮುಂದಿನ ತಿರುವಿನಲ್ಲಿ ಮರೆಯಾಗಿ, ಓಣಿಯ ಗುಡಿಯಲ್ಲೇ ಕಾಯಿ ಒಡೆಸಿ ಮನೆ ಸೇರಿಕೊಳ್ಳೋಣ ಅಂತ ರುದ್ರಮುನಿ ಲೆಕ್ಕ ಹಾಕಿದ. ಆ ತಿರುವಿನಲ್ಲೇ ಕೊಟ್ರೇಶನ ಸ್ಕೂಟರು ಬಂತು.

ಕೊಟ್ರೇಶ್ ಚೌಕಿಪೇಟೆಯಲ್ಲಿ ಪಕ್ಕದ ಬಟ್ಟೆ ಅಂಗಡಿಯವನು. ಮದುವೆಯಾಗಲಿ ಮಣ್ಣಾಗಲಿ, ಯಾರೂ ಕರೆಯದಿದ್ದರೂ ಮುಂದೆ ನಿಂತು ಮಾಡಿಸುವ ಮನುಷ್ಯ. ದಿನಾ ಅಂಗಡಿ ಕಟ್ಟೆಯ ಮೇಲೆ ರುದ್ರಮುನಿಯ ಹೊಟ್ಟೆಯನ್ನು ಗುಡಾಣಕ್ಕೆ ಹೋಲಿಸಿ ನಗುತ್ತಿದ್ದವನು ಮಾಲೆ, ಕಾಯಿ, ಬರಿಗಾಲು ನೋಡಿದ್ದೇ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಇಳಿದು ಕಾಲಿಗೆ ಬಿದ್ದ. ಕೊಟ್ರೇಶ್ ತನ್ನ ಕಾಲು ಮುಟ್ಟಿದ ಮೇಲೆ ನಿಜ ಹೇಳುವುದು ರುದ್ರಮುನಿಗೆ ಇನ್ನೂ ಕಷ್ಟವಾಯಿತು. ಇಲ್ಲಿಂದ ವಾಪಸು ಹೋಗುತ್ತೇನೆ ಅಂತಷ್ಟೇ ತೊದಲಿದ.

"ಹರಕೆ ಹೊತ್ತು ಮನೆ ಬಿಟ್ಟೋನು ಅರ್ಧಕ್ಕೆ ತಿರುಗಬಾರ್ದು ರುದ್ರಣ್ಣ" ಅಂದ ಕೊಟ್ರೇಶ್, ಧ್ವನಿ ತಗ್ಗಿಸಿ. "ಮನೆಯಾಕಿಗೆ ಒಳ್ಳೇದಾಗಂಗಿಲ್ಲ."

ರುದ್ರಮುನಿ ತಿರುಗಿಸಿದ್ದ ಕಾಲನ್ನು ಮತ್ತೆ ಹರಿಹರದ ಕಡೆಗೆ ತಿರುಗಿಸಿದ. ಹರಕೆ ಇಲ್ಲದಿದ್ದರೇನು, ಈ ಮಾತು ಕಿವಿಗೆ ಬಿದ್ದ ಮೇಲೆ ಹಿಂದಕ್ಕೆ ಹೋಗುವ ಧೈರ್ಯ ಯಾವ ಗಂಡನಿಗಿದೆ?

ಅಲ್ಲಿಂದ ಕೊಟ್ರೇಶನದೇ ಕಾರುಬಾರು. ಹರಕೆಯವನು ಗಾಡಿ ಹತ್ತಬಾರದು, ಕೊಟ್ಟ ಕಾಯಿಯನ್ನು ತಾನೇ ಹೊರಬೇಕು, ಯಾರು ಏನು ಕೊಟ್ಟರೂ ಪ್ರಸಾದ ಅಂತ ತಿನ್ನಬೇಕು, ಬೇಡ ಅನ್ನಕೂಡದು. ಕಟ್ಟಳೆಗಳನ್ನು ಹೇಳಿ ಸ್ಕೂಟರಿನಲ್ಲಿ ಮುಂದೆ ಮುಂದೆ ಹೋಗುತ್ತಾ ದಾರಿಯುದ್ದಕ್ಕೂ ಸುದ್ದಿ ಹಂಚಿದ. ಒಂದು ಎಸ್‌ಟಿಡಿ ಬೂತ್ ಕಂಡಲ್ಲಿ ನಿಂತು ರುದ್ರಮುನಿಯ ಮನೆಗೂ ಫೋನು ಮಾಡಿದ.

ಆಮೇಲೆ ನಡೆದದ್ದನ್ನು ಓಟ ಅನ್ನುವುದೋ ಊಟ ಅನ್ನುವುದೋ ಹೇಳುವುದು ಕಷ್ಟ. ಸೋಮವಾರ ಉಪವಾಸದ ದಿನ, ಆದ್ದರಿಂದ ತಿನ್ನುವುದಕ್ಕೆ ಎಂದಿಗಿಂತ ಹೆಚ್ಚೇ ಇತ್ತು. ಚಾ ಅಂಗಡಿಯವನು ಗಟ್ಟಿ ಹಾಲು ಕುಡಿಸಿದ. ಗಿರಣಿ ಕೆಲಸಗಾರರ ಮನೆಗಳ ಹೆಂಗಸರು ಶೇಂಗಾ ಉಂಡೆ, ತಂಬಿಟ್ಟು ಹಿಡಿದು ಸಾಲಾಗಿ ನಿಂತಿದ್ದರು. ಹಣ್ಣಿನ ಗಾಡಿಯವನು ಬಾಳೆಹಣ್ಣನ್ನು ಸುಲಿದೇ ಬಾಯಿಗಿಟ್ಟ. ದೋಸೆ ಹೋಟೆಲಿನ ಯಜಮಾನನಂತೂ ತಾನು ಉಪವಾಸ, ಓಡುವವನಿಗೆ ಉಪವಾಸ ಹೇಳಿಲ್ಲ ಅಂತ ವಾದಿಸಿ, ಬೆಣ್ಣೆ ಮುದ್ದೆ ಕರಗುವ ಮೊದಲೇ ಎರಡು ದೋಸೆ ತಿನ್ನಿಸಿ ಕಳಿಸಿದ. ತಿನ್ನಿಸಿದವರ ಕಡೆಯಿಂದೆಲ್ಲ ಒಂದೊಂದು ತೆಂಗಿನಕಾಯಿ. ಒಬ್ಬರಿಗೆ ಮಗನ ನೌಕರಿ, ಒಬ್ಬರಿಗೆ ಎಮ್ಮೆ ಗಬ್ಬ ಕಟ್ಟುವುದು, ಒಬ್ಬರಿಗೆ ಮೈದುನನ ಕುಡಿತ. ಕಾಯಿ ತುಂಬಿದ ಚೀಲ ಹೆಗಲೇರಿತು. ಭಾರ ಇಳಿಸಲು ಹೊರಟವನು ಹೊಟ್ಟೆಯಲ್ಲೂ ಬೆನ್ನಮೇಲೂ ಭಾರ ಹೊತ್ತು, ತುಂತುರು ಮಳೆಯಲ್ಲಿ ಕಾಲೆಳೆಯುತ್ತಾ ನಡೆದ.

ಗುತ್ತೂರಿನ ಬಸ್ಸಿಗಾಗಿ ಒಂದು ಬೇವಿನ ಮರದ ಕೆಳಗೆ ಬಳೆ ಮಾರುವ ಮಾಬೂಬೀ ಕೂತಿದ್ದಳು. ಮುಂದೆ ಹೋದ ಸ್ಕೂಟರಿನಿಂದ ಅವಳಿಗೂ ಸುದ್ದಿ ಮುಟ್ಟಿತ್ತು. ರುದ್ರಮುನಿ ಚೀಲ ಇಳಿಸಿ ಬುಡಕ್ಕೆ ಒರಗಿದಾಗ ಅವಳು ಏನನ್ನೂ ತಿನ್ನು ಅನ್ನಲಿಲ್ಲ. ಅವನಿಗೆ ಅಷ್ಟರಿಂದಲೇ ಕಣ್ಣು ತುಂಬಿ ಬಂತು.

"ಯಾರ ಸಲುವಾಗಿ ಅಣ್ಣಾ ಹರಕೆ?" ಅಂತ ಕೇಳಿದಳು.

ಬೆಳಗಿನಿಂದ ಅಷ್ಟು ಜನ ಕಾಯಿ ಕೊಟ್ಟಿದ್ದರು, ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ. ರುದ್ರಮುನಿಗೆ ಇನ್ನು ಸುಳ್ಳು ಹೊರುವ ಶಕ್ತಿ ಉಳಿದಿರಲಿಲ್ಲ. ಹರಕೆಯೂ ಇಲ್ಲ ಏನೂ ಇಲ್ಲ, ಹೊಟ್ಟೆ ಕರಗಿಸಲು ಓಡಿದವನು ತಾನು, ಡಾಕ್ಟರು ಹೀಗಂದರು, ಬೂಟು ಹೀಗೆ ಕಚ್ಚಿತು ಅಂತ ಎಲ್ಲವನ್ನೂ ಹೇಳಿದ. ಮಾಬೂಬೀ ಬಳೆಯೆಲ್ಲ ಗಲಗಲ ಅನ್ನುವ ಹಾಗೆ ನಕ್ಕಳು. ನಕ್ಕು ಮುಗಿಸಿ, ಹಾಗಾದರೆ ಹೊಟ್ಟೆ ಯಾರ ಸಲುವಾಗಿ ಕರಗಿಸಬೇಕು ಅಂದಳು.

ರುದ್ರಮುನಿ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. "ನಮ್ಮ ಮನೆಯಾಕಿ ಸಲುವಾಗಿ. ನಾ ಏನ್ ಹೇಳಿದ್ರೂ ಆಕಿ ನಂಬೋದು ಬಿಟ್ಟುಬಿಟ್ಟಾಳ."

ಮಾಬೂಬೀ ಬುಟ್ಟಿಯಿಂದ ಎರಡು ಹಸಿರು ಗಾಜಿನ ಬಳೆ ತೆಗೆದು ಅವನ ಟವೆಲಿನ ತುದಿಗೆ ಕಟ್ಟಿದಳು. ಮನೆಯಾಕೆಗೆ ಕೊಡು, ಇದನ್ನು ದೇವರಿಗೆ ಕೊಡಬೇಡ ಅಂದಳು. ಅಷ್ಟರಲ್ಲಿ ಬಸ್ಸು ಬಂತು. ರುದ್ರಮುನಿ ಚೀಲ ಎತ್ತಿದ. ಅಲ್ಲಿಂದ ಹರಿಹರದವರೆಗೆ ಅವನು ಯಾರೂ ಅಟ್ಟದೆ, ಯಾರಿಗೂ ಹೆದರದೆ ನಡೆದ. ಊರು ಕಂಡ ಮೇಲೆ ನಾಲ್ಕು ಮಾರು ಓಡಿಯೂ ಓಡಿದ. ಕಾಲು ಉರಿಯುತ್ತಿತ್ತು, ಆದರೂ ಎದೆಯೊಳಗೆ ಹಗುರಾಗಿತ್ತು. ಓಡುವುದರಲ್ಲಿ ಇಂಥದೊಂದು ಸುಖವಿದೆಯೆಂದು ಪುರವಣಿಯವರು ಬರೆದಿದ್ದು ಸುಳ್ಳಲ್ಲ ಅನ್ನಿಸಿತು.

ಗುಡಿಯ ಬಾಗಿಲಲ್ಲಿ ಅನ್ನಪೂರ್ಣಮ್ಮ ನಿಂತಿದ್ದಳು.

ಕೊಟ್ರೇಶನ ಫೋನು ಬಂದದ್ದೇ ಬಸ್ಸು ಹಿಡಿದು ಬಂದವಳು, ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದಳು. ಗಂಡನ ಕಾಲು ನೋಡಿದಳು, ಚೀಲ ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡಳು. ಯಾರ ಸಲುವಾಗಿ ಅಂತ ಅವಳೂ ಕೇಳಿದಳು. ನಿನ್ನ ಸಲುವಾಗಿಯೇ ಅಂದ ರುದ್ರಮುನಿ. ಮಾಬೂಬೀಗೆ ಹೇಳಿದ್ದು ಬಿಟ್ಟರೆ ಇಡೀ ದಿನದಲ್ಲಿ ಅವನು ಹರಕೆಯ ಬಗ್ಗೆ ಆಡಿದ ನಿಜ ಅದೊಂದೇ. ಬಳೆ ಬಿಚ್ಚಿ ಅವಳ ಕೈಗಿಟ್ಟ.

ಅನ್ನಪೂರ್ಣಮ್ಮ ಅತ್ತಳು. ಅತ್ತು ಮೂಗು ಒರೆಸಿಕೊಂಡು ಮೆಲ್ಲಗೆ ಹೇಳಿದಳು: "ನಾನೂ ಒಂದು ಹರಕೆ ಹೊತ್ತಿದ್ದೆ ಕಣ್ರಿ, ಹೋದ ಶ್ರಾವಣದಾಗೆ. ನಮ್ಮನೆಯವರು ಹಿಡಿದ ಕೆಲ್ಸ ಒಂದಾದ್ರೂ ಕೊನೆ ಮುಟ್ಟಿಸಿದ್ರೆ ಅವ್ರ ತೂಕದ ಬೆಲ್ಲ ಕೊಡ್ತೀನಿ ಅಂತ."

ಆ 'ಆಗ್ಲಿ ಬಿಡ್ರಿ' ಹಿಂದೆ ಅವಳು ಇಷ್ಟೊಂದು ಬೆಲ್ಲ ಇಟ್ಟುಕೊಂಡು ಕಾಯುತ್ತಿದ್ದಳೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ಊರವರ ಕಾಯಿಗಳನ್ನೆಲ್ಲ ಒಡೆಸಿ, ಗುಡಿಯ ಬೀದಿಯ ಹಾಲೇಶಪ್ಪನ ಬೆಲ್ಲದಂಗಡಿಗೆ ಹೋದರು. ಮೂಟೆ ತೂಗುವ ದೊಡ್ಡ ತಕ್ಕಡಿಯ ಒಂದು ತಟ್ಟೆಗೆ ರುದ್ರಮುನಿಯನ್ನು ಹತ್ತಿಸಿದರು. ಅನ್ನಪೂರ್ಣಮ್ಮ ಡಾಕ್ಟರು ಹೇಳಿದ ತೂಕ ತಿಳಿಸಿದಳು, ಹಾಲೇಶಪ್ಪ ಅಷ್ಟು ಬೆಲ್ಲವನ್ನು ಎದುರು ತಟ್ಟೆಗೆ ಪೇರಿಸಿದ. ರುದ್ರಮುನಿ ಮೇಲೇಳಲಿಲ್ಲ. ಇನ್ನೊಂದು ಅಚ್ಚು ಇಟ್ಟರು, ಆಗಲೂ ಏಳಲಿಲ್ಲ. ಮತ್ತೆ ಎರಡು ಇಟ್ಟರು. ಬೀದಿಯ ಜನವೆಲ್ಲ ಸೇರಿ ನೋಡುತ್ತಿದ್ದರು. ಹಾಲು, ಉಂಡೆ, ಬೆಣ್ಣೆದೋಸೆ ಎಲ್ಲವೂ ಲೆಕ್ಕಕ್ಕೆ ಬಂದ ಮೇಲೆ ಕಡ್ಡಿ ನೇರವಾಯಿತು.

"ಡಾಕ್ಟರು ಕಮ್ಮಿ ಹೇಳ್ಯಾರ ತಾಯಿ" ಅಂದ ಹಾಲೇಶಪ್ಪ.

ಅದನ್ನು ಕೇಳಿ, ಜನದ ನಡುವೆ ಸ್ಕೂಟರಿಗೆ ಒರಗಿ ನಿಂತಿದ್ದ ಕೊಟ್ರೇಶ್ ಪಕ್ಕಕ್ಕೆ ತಿರುಗಿ ಕೆಮ್ಮಿದ. ಅನ್ನಪೂರ್ಣಮ್ಮನಿಗೆ ಅದ್ಯಾವುದೂ ಕೇಳಿಸಲಿಲ್ಲ. ಬೆಲ್ಲದ ಒಂದು ತುಣುಕು ಮುರಿದು ಮೊದಲು ಗಂಡನ ಬಾಯಿಗಿಟ್ಟಳು. ಒಂದು ಅಚ್ಚನ್ನು ಮನೆಗೆಂದು ಎತ್ತಿಟ್ಟುಕೊಂಡು ಉಳಿದದ್ದನ್ನು ಗುಡಿಗೆ ಒಪ್ಪಿಸಿದಳು.

ವಾಪಸು ಬರುವ ಬಸ್ಸಿನಲ್ಲಿ ರುದ್ರಮುನಿ ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಅವಳು ಅವನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಅವನು ಬಾಯಿ ಮುಚ್ಚಿ ಕಿಟಕಿಯಾಚೆ ನೋಡಿದ. ತಾನು ತುಳಿದ ರಸ್ತೆ ಹಿಂದೆ ಹಿಂದೆ ಸರಿಯುತ್ತಿತ್ತು. ಇಷ್ಟು ದೂರ ಬಂದವನು ನಾನೇನಾ ಅನ್ನಿಸಿತು. ಸುಳ್ಳನ್ನು ನಿಜ ಮಾಡುವ ದಾರಿಯೂ ಹೊಳೆಯಿತು. ನಾಳೆಯಿಂದ ದಿನಾ ಓಡುವುದು, ಬಡಾವಣೆಯ ಪಾರ್ಕಿನಲ್ಲಿ, ಯಾರ ಕಾಯಿಯೂ ಇಲ್ಲದೆ.

ದೀಪ ಹಚ್ಚುವ ಹೊತ್ತಿಗೆ ರಂಗವ್ವನ ಹಲಗೆಯ ಹತ್ತಿರ ಬೂಟು ಕೇಳಿದ. ರಂಗವ್ವ ಎರಡೂ ಕೈಯಲ್ಲಿ ತಟ್ಟೆ ಹಿಡಿದು ತಂದಳು. ಬೂಟುಗಳನ್ನು ತೊಳೆದು, ಮೂತಿಗೆ ಅರಿಶಿನ ಕುಂಕುಮ ಹಚ್ಚಿ, ಲೇಸಿಗೆ ಮಲ್ಲಿಗೆ ಮುಡಿಸಿದ್ದಳು. ಅವನು ಹೊರಟ ಮೇಲೆ ಮೊಮ್ಮಗಳು ಅದೇ ಬೂಟು ಮುಟ್ಟಿ ಅವ್ವಾ ಅಂತ ಅಂದಳಂತೆ. ಹರಕೆ ತೀರಿಸಿದವರ ಪಾದದ್ದು, ಇನ್ನು ಇದನ್ನು ಕಾಲಿಗೆ ಹಾಕಬಾರದು ಅಂದಳು. ಅನ್ನಪೂರ್ಣಮ್ಮ ತಟ್ಟೆಯನ್ನು ಕಣ್ಣಿಗೊತ್ತಿಕೊಂಡು ಮನೆಗೆ ತಂದು, ದೇವರ ಕೋಣೆಯ ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟಳು.

ಬೂಟು ಹೋದರೆ ಹೋಗಲಿ, ಬರಿಗಾಲು ಹೇಗೂ ರೂಢಿಯಾಯಿತು ಅಂದುಕೊಂಡ ರುದ್ರಮುನಿ. ಅಡಿಗೆಮನೆಯ ಬಾಗಿಲಲ್ಲಿ ನಿಂತು, "ನಾಳೆಯಿಂದ ದಿನಾ ಓಡ್ತೀನಿ ನೋಡು" ಅಂದ. ಈ ಮಾತನ್ನು ಅವನು ಹಿಂದೆಂದೂ ಇಷ್ಟು ಮನಸಾರೆ ಆಡಿರಲಿಲ್ಲ.

ಅನ್ನಪೂರ್ಣಮ್ಮ ಹಸಿರು ಬಳೆಯ ಕೈಯಲ್ಲಿ ಹೂರಣ ಉಂಡೆ ಮಾಡುತ್ತಿದ್ದವಳು ತಿರುಗಿ ನಕ್ಕಳು. ಎಷ್ಟೋ ದಿನದ ಮೇಲೆ ಕಂಡ ನಗು.

"ಆಗ್ಲಿ ಬಿಡ್ರಿ" ಅಂದಳು. "ಹರಕೆ ತೀರಿತಲ್ಲ? ತೀರಿದ ಹರಕೆಗೆ ಮತ್ತೆ ಓಡಿದ್ರೆ, ಇವ್ರಿಗೆ ನನ್ನ ಮ್ಯಾಲೆ ನಂಬಿಕೆ ಇಲ್ಲ ಅಂತ ದೇವ್ರು ಅನ್ಕಂತಾನೆ. ಇನ್ನ ಸಕ್ಕರೆ ಕಾಯಿಲೆ ಅವನೇ ನೋಡ್ಕಂತಾನೆ. ನೀವು ಒಂದು ಹೆಜ್ಜೆನೂ ಓಡಬ್ಯಾಡ್ರಿ, ಸುಮ್ನೆ ಕೂಡ್ರಿ."

ತೂಗಿದ ಬೆಲ್ಲದ ಹೋಳಿಗೆ ತಟ್ಟೆಗೆ ಬಂತು, ಮೇಲೆ ಒಂದು ಸೌಟು ತುಪ್ಪವೂ ಬಿತ್ತು. ರುದ್ರಮುನಿ ಗೂಡಿನಲ್ಲಿದ್ದ ಬೂಟನ್ನು ನೋಡಿದ, ಹೆಂಡತಿಯ ಮುಖ ನೋಡಿದ. ಪ್ರಸಾದವನ್ನು ಬೇಡ ಅನ್ನಕೂಡದೆಂದು ಕೊಟ್ರೇಶ್ ಬೆಳಿಗ್ಗೆಯೇ ಹೇಳಿದ್ದ. ಕಾಲು ಮಡಿಸಿ ಕೂತುಕೊಂಡ.