ಮೋಡವಿಲ್ಲದೆ ಉದುರುವ ಹಿಮ

ನಮ್ಮ ಮಾತು ಬಲ್ಲವರು ಒಬ್ಬರೂ ಇಲ್ಲದ ಕಡೆ ಕೆಲಸಕ್ಕೆ ಹೋದರೆ ನಗುವಂಥ ಪ್ರಸಂಗಗಳು ತಾವಾಗೇ ಹುಡುಕಿಕೊಂಡು ಬರುತ್ತವೆ. ಜೊತೆಗೆ ಕೂತು ನಗೋಕೆ ಮಾತ್ರ ಯಾರೂ ಇರೋದಿಲ್ಲ. ಹೊಳವನಹಳ್ಳಿ ಕಡೆ ಟ್ರ್ಯಾಕ್ಟರ್ ಓಡಿಸಿಕೊಂಡಿದ್ದ ನಾನು, ಲಡಾಖಿನಲ್ಲಿ ರಸ್ತೆ ಮೇಲಿನ ಹಿಮ ತಳ್ಳೋ ಡೋಜರ್ ಓಡಿಸೋಕೆ ಹೋಗಿದ್ದೆ. ಕ್ಯಾಂಪಿನಲ್ಲಿ ಕನ್ನಡ ಬರುತ್ತಿದ್ದುದು ನನಗೊಬ್ಬನಿಗೇ.

೧. ಕೊನೆಗಾಲ

ಒಂದು ಬೆಳಿಗ್ಗೆ ಆಚೆ ಬಂದೆ. ಒಂದು ಚೂರೂ ಮೋಡವಿಲ್ಲ, ಬಿಸಿಲು ಬಿದ್ದಿದೆ. ಆದರೆ ಕಣ್ಣ ಮುಂದೆಲ್ಲ ಸಣ್ಣ ಸಣ್ಣ ಮಿಣುಕು, ತೇಲುತ್ತಾ ಉದುರುತ್ತಿದೆ. ಇಷ್ಟು ಎತ್ತರದಲ್ಲಿ ಉಸಿರಿಗೆ ಗಾಳಿ ಸಾಲದೆ ಏನೇನೋ ಕಾಣುತ್ತೆ ಅಂತ ಮೊದಲೇ ಹೆದರಿಸಿದ್ದರು. ನನ್ನ ಕಥೆ ಮುಗೀತು ಅಂತ ಒಳಗೆ ಬಂದು ಕಂಬಳಿ ಹೊದ್ದು ಮಲಗಿದೆ. ಹೆಂಡತಿ ನೆನಪಾಗಿ ಅಳುವೇ ಬಂತು.

ಸೂಪರ್‌ವೈಸರ್ ಬಂದ. ಹೀಗ್ಹೀಗೆ ಅಂದೆ. ಆಚೆ ಇಣುಕಿ ನೋಡಿ, “ನನಗೂ ಕಾಣುತ್ತೆ. ಚಳಿ ವಿಪರೀತ ಆದರೆ ಗಾಳಿಯಲ್ಲಿರೋ ತೇವವೇ ಹರಳುಗಟ್ಟಿ ಉದುರುತ್ತೆ. ಮೋಡ ಬೇಕಾಗಿಲ್ಲ,” ಅಂದ.

ಉಸಿರು ಬಂತು ನನಗೆ.

“ಸಾಯಲ್ಲ ಅಂತಾಯ್ತಲ್ಲ, ಏಳು. ಡ್ಯೂಟಿಗೆ ನಡಿ.”

೨. ಒಂದು ಬಾಟ್ಲು

ಸಿಗ್ನಲ್ ಸಿಗೋ ದಿಬ್ಬ ಹತ್ತಿ ಹೆಂಡತಿಗೆ ಫೋನ್ ಮಾಡಿದೆ.

“ಮೋಡಾನೇ ಇಲ್ಲ ಕಣೇ, ಬಿಸ್ಲಲ್ಲಿ ಐಸ್ ಪುಡಿ ಉದುರ್ತೈತೆ. ಫಳಫಳ ಅಂತೈತೆ!”

ಅವಳು ದನಿ ಏರಿಸಿದಳು. “ಬೆಳಿಗ್ ಬೆಳಿಗ್ಗೇನೇ ಕುಡ್ದಿದ್ದೀಯಾ?”

“ನಿನ್ನಾಣೆಗೂ ಇಲ್ಲ.”

“ಅಂಗಾದ್ರೆ ತೋರ್ಸು.”

ಕೈಗವಸು ತೆಗೆದು ವಿಡಿಯೋ ಕಾಲ್ ಒತ್ತಿದೆ. ಅವಳ ಮುಖ ಕಂಡಿತು, ಅಷ್ಟರಲ್ಲೇ ಆ ಚಳಿಗೆ ಫೋನ್ ಆಫ್. ಕತ್ತಲಾದ ಸ್ಕ್ರೀನನ್ನೇ ನೋಡಿಕೊಂಡು ಬೆರಳು ಮರಗಟ್ಟುವವರೆಗೂ ನಿಂತಿದ್ದೆ.

ಮಾರನೇ ದಿನ ದಿಬ್ಬದ ಮೇಲಿದ್ದಾಗ ಭಾಮೈದನ ಫೋನ್ ಬಂತು. “ಭಾವ, ಅಕ್ಕ ಒಂದೇ ಸಮ ಅಳ್ತಾವ್ಳೆ, ಕುಡ್ಯೋದು ಬುಟ್ಬುಡಿ.” ಆಮೇಲೆ ದನಿ ತಗ್ಗಿಸಿದ. “ಬರೋವಾಗ ಅದೇ ಮಾಲು ನಂಗೂ ಒಂದು ಬಾಟ್ಲು ತಂದ್ಬುಡಿ.”

೩. ಮಂತ್ರ

ಕ್ಯಾಂಪಿನಲ್ಲಿ ಕನ್ನಡ ಮಾತಾಡೋಕೆ ನನಗೆ ಸಿಕ್ಕಿದ್ದು ಡೋಜರ್ ಒಂದೇ. ಚಳಿಗೆ ಅದು ಬೇಗ ಸ್ಟಾರ್ಟ್ ಆಗುತ್ತಿರಲಿಲ್ಲ. ದಿನಾ ಅದರ ಕೆನ್ನೆ ತಟ್ಟಿ, “ಎದ್ದೇಳ್ಲಾ ಸೋಮಾರಿ ನನ್ಮಗ್ನೆ, ಹೊತ್ತು ನೆತ್ತಿಗ್ ಬಂದೈತೆ!” ಅಂತಿದ್ದೆ. ಪಕ್ಕದಲ್ಲಿ ಚಹಾ ಕಾಯಿಸುತ್ತಿದ್ದ ಬಿಹಾರದ ಅಡುಗೆಯವನು ಅದನ್ನು ಭಕ್ತಿಯಿಂದ ಕೇಳಿಸಿಕೊಳ್ಳುತ್ತಿದ್ದ.

ಒಂದು ದಿನ ಏನು ಮಾಡಿದರೂ ಎಂಜಿನ್ ಏಳಲಿಲ್ಲ. ರಸ್ತೆ ಮುಚ್ಚಿತ್ತು, ಆಚೆ ಕಡೆ ಗಾಡಿಗಳು ಸಿಕ್ಕಿಕೊಂಡಿದ್ದವು. ಎಲ್ಲರೂ ಸುತ್ತ ನಿಂತರು. ಮೇಲಿಂದ ಹಿಮದ ಹರಳು ಅಕ್ಷತೆ ಹಾಗೆ ಉದುರುತ್ತಿತ್ತು. ಅಡುಗೆಯವನು ಊದುಬತ್ತಿ ಹಚ್ಚಿ, ಕಣ್ಣು ಮುಚ್ಚಿ, ಕೈಮುಗಿದು ರಾಗವಾಗಿ ಶುರು ಮಾಡಿದ: “ಎದ್ದೇಳ್ಲಾ... ಸೋಮಾರೀ... ನನ್ಮಗ್ನೇ...”

“ಏನರ್ಥ?” ಅಂತ ಸೂಪರ್‌ವೈಸರ್ ನನ್ನನ್ನು ಕೇಳಿದ.

“‘ಎದ್ದು ಕಾಪಾಡಪ್ಪಾ’ ಅಂತ ಸಾರ್.”

“ಹಾಗಾದರೆ ಎಲ್ಲರೂ ಹೇಳಿ!”

ಕ್ಯಾಂಪಿಗೆ ಕ್ಯಾಂಪೇ ಕೈಮುಗಿದು ಹೇಳಿತು. ನಾನು ಹತ್ತಿ ಕೀ ತಿರುಗಿಸಿದೆ, ಎಂಜಿನ್ ಗುಡುಗಿತು. ಫೋನ್ ಬಿಟ್ಟರೆ, ಎಷ್ಟೋ ತಿಂಗಳ ಮೇಲೆ ಇನ್ನೊಬ್ಬರ ಬಾಯಲ್ಲಿ ನಮ್ಮೂರ ಮಾತು ಕೇಳಿದ್ದು ಅವತ್ತೇ. ಬೈಗುಳವಾದರೇನು, ಕಣ್ಣೀರು ಇಳಿಯಿತು.

ಅಡುಗೆಯವನು ನನ್ನ ಕಡೆ ಕೈ ತೋರಿಸಿ ಪಕ್ಕದವನಿಗೆ ಪಿಸುಗುಟ್ಟಿದ: “ನೋಡು, ಎಂಥಾ ಭಕ್ತಿ!”