ಅರವತ್ತೈದು ಲೀಟರಿನ ನೇರಳೆ ಬ್ಯಾಗು

ಇರಿ, ಇರಿ, ಅರ್ಧ ಕೇಳಿಸಿಕೊಂಡೇ ನಗಬೇಡಿ! ತಪ್ಪು ಬ್ಯಾಗಿನದು ಅಂತ ನಾನೆಲ್ಲಿ ಹೇಳಿದೆ? ಬ್ಯಾಗು ಬಂಗಾರದಂಥದ್ದು. ತಪ್ಪು ಪೂರ್ತಿ ನನ್ನದೇ, ಅದರಲ್ಲಿ ಯಾರಿಗೂ ಪಾಲು ಕೊಡುವುದಿಲ್ಲ. ನಾಲ್ಕು ದಿನದ ಟ್ರೆಕ್ಕಿಂಗಿಗೆ ಬ್ಯಾಗ್ ಆರಿಸುವುದು ನನ್ನ ಎಡಗೈ ಕೆಲಸ ಅಂತ ಮನೆಯಲ್ಲಿ ಘೋಷಿಸಿದವಳು ನಾನೇ. ನಲವತ್ತೆರಡು ವಿಡಿಯೋ ನೋಡಿದ್ದೆ ಸ್ವಾಮಿ! ನಲವತ್ತೆರಡು! ಸೆಮಿಸ್ಟರ್ ಪರೀಕ್ಷೆಗೆ ಅಷ್ಟು ಓದಿದ್ದರೆ ಈ ಹೊತ್ತಿಗೆ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ನನ್ನ ಫೋಟೋ ನಗುತ್ತಿರುತ್ತಿತ್ತು.

ಇದೆಲ್ಲ ಶುರುವಾಗಿದ್ದು ಅಕ್ಕನ ಒಂದು ಫೋನಿನಿಂದ. ಅಕ್ಕ ಐಸಿಯುನಲ್ಲಿ ನರ್ಸು. ಒಂದೂವರೆ ವರ್ಷದಿಂದ ಅವಳು ಮನೆಗೆ ಬರುವುದೆಂದರೆ ಸ್ನಾನ, ನಿದ್ದೆ, ಮತ್ತೆ ಡ್ಯೂಟಿ. ನಾವಿಬ್ಬರೂ ಕೂತು ಮಾತಾಡಿದ್ದು ಯಾವಾಗ ಅಂತ ಕೇಳಿದರೆ ನನಗೆ ಕ್ಯಾಲೆಂಡರ್ ಬೇಕು.

“ಐದು ದಿನ ರಜೆ ಸಿಕ್ಕಿದೆ ಕಣೇ! ನಾಲ್ಕು ದಿನ ಬೆಟ್ಟದಲ್ಲಿ ನಡೆಯೋಣ, ನಾನೂ ನೀನೂ ಇಬ್ರೇ. ನಿನ್ ಹತ್ರ ಮಾತಾಡೋದಿದೆ.”

“ಏನು? ಈಗ್ಲೇ ಹೇಳು!”

“ಫೋನಲ್ಲಿ ಹೇಳೋ ಹಾಗಿದ್ರೆ ಬೆಟ್ಟಕ್ಕೆ ಯಾಕೆ ಕರೀತಿದ್ದೆ? ಒಳ್ಳೇ ಬ್ಯಾಗ್ ತಗೋ. ಅಳತೆ ನೋಡ್ಕೊಂಡು ತಗೋ.”

ಅಳತೆಯಂತೆ ಅಳತೆ! ನಮ್ಮಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಸ್ಕೂಲು ಮಕ್ಕಳ ಕೋಟಿನಿಂದ ಬ್ಯಾಂಡಿನವರ ಕೋಟಿನವರೆಗೆ ಎಲ್ಲ ಅವಳ ಕೈಯಲ್ಲೇ ಆಗಬೇಕು. ನಾನು ತೊಟ್ಟಿಲಲ್ಲಿ ಗಿಲಕಿಯ ಬದಲು ಟೇಪು ಹಿಡಿದು ಆಡಿದವಳು. ಆ ಜಂಬದಲ್ಲೇ ಬ್ಯಾಗಿನ ಅಂಗಡಿಗೆ ಹೋದೆ.

ಅಂಗಡಿಯಾಕೆ ಬಿಸಿಲಿಗೆ ಸುಟ್ಟ ಮೂಗಿನವರು, ಕಾಲಿನ ಮೀನಖಂಡ ನೋಡಿದರೆ ಎಷ್ಟೋ ಬೆಟ್ಟ ಹತ್ತಿದವರು ಅಂತ ಗೊತ್ತಾಗುತ್ತಿತ್ತು. ಕೈಯಲ್ಲಿ ಟೇಪು ಹಿಡಿದು ಹತ್ತಿರ ಬಂದರು.

“ಸ್ವಲ್ಪ ತಲೆ ಬಗ್ಗಿಸಮ್ಮಾ. ಕತ್ತಿನ ಹಿಂದೆ ಒಂದು ಮೂಳೆ ಉಬ್ಬಿರುತ್ತಲ್ಲ, ಅಲ್ಲಿಂದ ಸೊಂಟದ ಮೂಳೆವರೆಗೆ ಅಳೀಬೇಕು.”

“ಬೇಡ ಬೇಡ. ನಾನು ಐದಡಿ ಎಂಟಿಂಚು. ಲಾರ್ಜ್ ಕೊಡಿ.”

“ಬ್ಯಾಗಿಗೆ ಹೈಟ್ ಬೇಡಮ್ಮಾ, ಬೆನ್ನಿನ ಉದ್ದ ಬೇಕು. ಕಾಲಿಗೆ ಯಾರಾದ್ರೂ ಬ್ಯಾಗ್ ಹಾಕ್ತಾರಾ?”

“ಮೇಡಂ, ನಾನು ಟೈಲರ್ ಮಗಳು!”

“ಹಾಗಾದ್ರೆ ಒಳ್ಳೇದಾಯ್ತು. ಈ ಮರಳಿನ ಚೀಲ ಒಳಗಿಟ್ಟು ಇಪ್ಪತ್ತು ನಿಮಿಷ ಅಂಗಡೀಲಿ ಓಡಾಡಿ. ಸೊಂಟದ ಬೆಲ್ಟು ಭಾರ ಹೊರಬೇಕು, ಹೆಗಲು ಸುಮ್ನೆ ಹಿಡ್ಕೊಂಡಿರ್ಬೇಕು.”

ಮರಳು ಹೊತ್ತು ಓಡಾಡಲು ನಾನೇನು ಗಾರೆ ಕೆಲಸಕ್ಕೆ ಬಂದಿದ್ದೆನೇ? ಖಾಲಿ ಬ್ಯಾಗನ್ನೇ ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ನೇರಳೆ ಬಣ್ಣ, ಅರವತ್ತೈದು ಲೀಟರು, ಹದಿನಾಲ್ಕು ಪಟ್ಟಿ, ಏಳು ಕೊಕ್ಕೆ! ಶಿಖರವೇ ಬಂದು ನನ್ನ ಕೈಕುಲುಕಿದ ಹಾಗಿತ್ತು. ನೇರಳೆ ಇದ್ದದ್ದು ಲಾರ್ಜಿನಲ್ಲಿ ಮಾತ್ರ. ನನ್ನ ಲೆಕ್ಕದಲ್ಲಿ ಅದೇ ವಿಧಿಯ ಸೂಚನೆ. ಅಂಗಡಿಯಾಕೆ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡರು. ಆ ಸುತ್ತುವಿಕೆಯಲ್ಲಿ ಒಂದು ನಿಟ್ಟುಸಿರಿತ್ತು. ಆಗ ನನಗೆ ಕೇಳಿಸಲಿಲ್ಲ.

ಮನೆಗೆ ಬಂದು ಒಳಗೆ ಎರಡು ದಿಂಬು ತುರುಕಿ ಫೋಟೋ ತೆಗೆಸಿಕೊಂಡೆ. ನೂರಾ ಹನ್ನೆರಡು ಲೈಕು! ಆದರೆ ಫೋಟೋ ದೊಡ್ಡದು ಮಾಡಿ ನೋಡಿದರೆ ಸೊಂಟದ ಬೆಲ್ಟು ಸೊಂಟದಲ್ಲಿರಲಿಲ್ಲ. ತೊಡೆಯ ಹತ್ತಿರ ಎಲ್ಲೋ ತಿರುಗಾಡಲು ಹೋಗಿತ್ತು. ಮೇಲಕ್ಕೆ ಎಳೆದರೆ ಹೆಗಲಪಟ್ಟಿ ಕಿವಿಯ ಪಕ್ಕ ಕಮಾನಿನಂತೆ ನಿಲ್ಲುತ್ತಿತ್ತು.

ಬುದ್ಧಿ ಇದ್ದವರು ಆಗಲೇ ಅಂಗಡಿಗೆ ಹೋಗಿ ಬದಲಾಯಿಸುತ್ತಿದ್ದರು. ಆದರೆ ಆ ಟೇಪಿನ ಮುಂದೆ ಮತ್ತೆ ತಲೆ ಬಗ್ಗಿಸುವುದೇ? ಮನೆಯಲ್ಲೇ ಟೈಲರ್ ಇರುವಾಗ?

“ಅಮ್ಮಾ, ಈ ಹೆಗಲಪಟ್ಟಿ ಬಿಚ್ಚಿ ಸ್ವಲ್ಪ ಕೆಳಗೆ ಹೊಲಿದುಕೊಡೇ.”

ಅಮ್ಮ ಕನ್ನಡಕ ಏರಿಸಿ ಬ್ಯಾಗನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಹೊಲೀಬಹುದು. ದಪ್ಪ ಸೂಜಿ ಹಾಕ್ಬೇಕು. ಬಾ, ನಿಂತ್ಕೋ, ಬೆನ್ನಿಗೆ ಇಟ್ಟು ಗುರುತು ಹಾಕ್ತೀನಿ.”

ಮೈಗೆ ಹಾಕಿ ನೋಡದೆ ಅಮ್ಮ ಯಾವುದಕ್ಕೂ ಕತ್ತರಿ ಮುಟ್ಟಿಸುವುದಿಲ್ಲ. ಗಿರಾಕಿ ಮಂತ್ರಿಯಾದರೂ ಬಂದು ನಿಲ್ಲಬೇಕು. ಆದರೆ ನಾನು ಮಂತ್ರಿಗಿಂತ ಬಿಜಿ! ನಲವತ್ತಮೂರನೇ ವಿಡಿಯೋ ಓಡುತ್ತಿತ್ತು.

“ದೊಡ್ಡಮ್ಮನಿಗೆ ಹಾಕಿ ಹೊಲಿಯಮ್ಮಾ!”

ದೊಡ್ಡಮ್ಮ ಅಂದರೆ ಹೊಲಿಗೆ ಮೆಷಿನ್ನಿನ ಪಕ್ಕ ನಿಂತಿರುವ ಬಟ್ಟೆಯ ಬೊಂಬೆ. ತಲೆಯಿಲ್ಲ, ಕೈಯಿಲ್ಲ, ಒಂದೇ ಕಾಲು, ಆದರೆ ಮನೆಯ ಹಿರಿಯಳು. ಅಮ್ಮ ತನ್ನ ಬಟ್ಟೆ ತಾನೇ ಹೊಲಿದುಕೊಳ್ಳಲೆಂದು ಅದಕ್ಕೆ ಹತ್ತಿ ತುಂಬಿ ತುಂಬಿ ತನ್ನದೇ ಅಳತೆಗೆ ತಂದಿಟ್ಟಿದ್ದಾಳೆ.

“ಅದು ನನ್ನ ಅಳತೆ ಕಣೇ. ನೀನು ಬಾ, ಎರಡೇ ನಿಮಿಷ.”

“ನೀನು ನನ್ನ ಭುಜಕ್ಕೆ ಬರ್ತೀಯ! ನಿನಗೆ ಸರಿಹೋದ್ರೆ ನನಗೆ ಇನ್ನೂ ಸರಿಯಾಗುತ್ತೆ. ಬ್ಯಾಗಿನ ವಿಷಯ ನಿನಗೆ ಗೊತ್ತಾಗಲ್ಲಮ್ಮಾ, ನೀನು ಕಾಲರ್ ನೋಡ್ಕೋ!”

ಈ ಮಾತಲ್ಲಿ ತಲೆ ಎಲ್ಲಿದೆ, ಬುಡ ಎಲ್ಲಿದೆ ಅಂತ ಇವತ್ತಿಗೂ ಹುಡುಕುತ್ತಿದ್ದೇನೆ. ಅಮ್ಮ ಏನೂ ಅನ್ನಲಿಲ್ಲ. ಬಾಯಲ್ಲಿ ಗುಂಡುಸೂಜಿ ಇತ್ತು. ಸೂಜಿ ಇಲ್ಲದಿದ್ದರೂ ಅನ್ನುತ್ತಿರಲಿಲ್ಲ, ಅದೇ ಈಗ ಹೆಚ್ಚು ಚುಚ್ಚುತ್ತದೆ. ಸಂಜೆಯವರೆಗೆ ಕೂತು ಪಟ್ಟಿ ಬಿಚ್ಚಿ, ಎರಡಿಂಚು ಕೆಳಗಿಳಿಸಿ, ಒಂದರ ಮೇಲೊಂದು ನಾಲ್ಕು ಹೊಲಿಗೆ ಹಾಕಿದಳು. ಕಾರ್ಖಾನೆಯವರೇ ಬಂದರೂ ಗುರುತು ಸಿಗಬಾರದು, ಅಂಥ ಕೆಲಸ!

ಹೊರಡುವ ಹಿಂದಿನ ಸಂಜೆ ಅಕ್ಕ ಬಂದಳು. ಬೂಟು ಬಿಚ್ಚುವ ಮೊದಲೇ ಆರ್ಡರು: “ಹನ್ನೊಂದು ಕಿಲೋ ತುಂಬು. ನೀರಿನ ಟ್ಯಾಂಕಿನ ಮೆಟ್ಟಿಲು ಮೂರು ಸಲ ಹತ್ತಿ ಇಳಿ. ನಾನು ನೋಡ್ಬೇಕು.”

ನಮ್ಮ ಬೀದಿಯ ಕೊನೆಗೆ ಒಂದು ದಿಬ್ಬ, ದಿಬ್ಬದ ಮೇಲೆ ಟ್ಯಾಂಕು, ಅಲ್ಲಿಗೆ ನೂರಾ ಎಂಬತ್ತು ಮೆಟ್ಟಿಲು. ಮೊದಲನೇ ಸುತ್ತು ವೀರವನಿತೆಯಂತೆ ಹತ್ತಿದೆ. ಕೈ ಕೂಡ ಬೀಸಿದೆ! ಎರಡನೇ ಸುತ್ತಿಗೆ ಬೆಲ್ಟು ಜಾರಿ ತೊಡೆಗೆ ಬಂತು. ಒಂದೊಂದು ಮೆಟ್ಟಿಲಿಗೂ ಮಂಡಿ ಎತ್ತಿದರೆ ಬೆಲ್ಟು ತಡೆಯುತ್ತದೆ, ಬೆಲ್ಟು ತಡೆದರೆ ಬ್ಯಾಗು ಹಿಂದಕ್ಕೆ ಎಳೆಯುತ್ತದೆ. ಹನ್ನೊಂದು ಕಿಲೋ ಅಷ್ಟೂ ಹೆಗಲ ಮೇಲೆ! ಮೂರನೇ ಸುತ್ತಿನ ಅರ್ಧದಲ್ಲಿ ಕೂತೆ. ಕೂತೆ ಅಂದರೆ ಗೌರವದ ಮಾತು, ಬ್ಯಾಗು ನನ್ನನ್ನು ಕೂರಿಸಿತು. ಆಮೆ ಅಂಗಾತ ಬಿದ್ದ ಹಾಗೆ ಕೈಕಾಲು ಆಡಿಸುತ್ತಿದ್ದೆ.

“ಅಕ್ಕಾ… ಎತ್ತೇ!”

ಅಕ್ಕ ಬ್ಯಾಗ್ ಬಿಚ್ಚಿ ನನ್ನ ಕಾಲರ್ ಸರಿಸಿ ನೋಡಿದಳು. ಹೆಗಲ ಮೇಲೆ ಎರಡು ಕೆಂಪು ಬರೆ, ಬೆರಳಿನಷ್ಟು ದಪ್ಪ. ಅವಳ ಮುಖ ತಕ್ಷಣ ವಾರ್ಡಿನ ಮುಖವಾಯಿತು.

“ಬೆರಳು ಜುಮ್ ಅಂತಿದೆಯಾ?”

“ಸ್ವಲ್ಪ…”

“ಮನೆಗೆ ನಡಿ.”

ಮನೆಯಲ್ಲಿ ಅಮ್ಮನ ಟೇಪು ತೆಗೆದುಕೊಂಡು ನನ್ನ ಕತ್ತಿನ ಮೂಳೆಯಿಂದ ಸೊಂಟದವರೆಗೆ ಅಳೆದಳು. ಕೊನೆಗೂ ತಲೆ ಬಗ್ಗಿಸಿದೆ, ಪಟ್ಟಿ ಇಳಿಸಿ ಹೊಲಿಸಿದ್ದನ್ನೂ ಒಪ್ಪಿಕೊಂಡೆ. “ಹದಿನೈದೂವರೆ ಇಂಚು. ಬ್ಯಾಗ್ ಹದಿನೆಂಟು. ನೀನು ಉದ್ದ ಇರೋದೆಲ್ಲ ಕಾಲಲ್ಲೇ ಕಣೇ! ಇದನ್ನ ಯಾರ ಅಳತೆಗೆ ಹೊಲಿಸ್ದೆ?”

ನಾನು ದೊಡ್ಡಮ್ಮನ ಕಡೆ ನೋಡಿದೆ. ಅಕ್ಕ ಅಮ್ಮನ ಕಡೆ ನೋಡಿದಳು.

“ಅಮ್ಮಾ, ಒಂದ್ಸಲ ಹಾಕ್ಕೋ.”

“ಥೂ, ನನಗ್ಯಾಕೆ? ಕೋಟಿಗೆ ಗುಂಡಿ ಹಾಕೋದಿದೆ!” ಅಂದಳು ಅಮ್ಮ, ಅನ್ನುತ್ತಲೇ ಕೈ ತೂರಿಸಿದಳು. ಟಕ್ ಅಂತ ಬೆಲ್ಟು ಸರಿಯಾಗಿ ಸೊಂಟದ ಮೂಳೆಯ ಮೇಲೆ ಕೂತಿತು. ಅಕ್ಕ ಪಟ್ಟಿ ಎಳೆದು ಬಿಗಿಮಾಡಿದಳು. ಎಲ್ಲೂ ಒಂದು ಸುಕ್ಕಿಲ್ಲ! ನನ್ನ ಉದ್ದ ಕಾಲಲ್ಲಿದ್ದರೆ ಅಮ್ಮನ ಉದ್ದವೆಲ್ಲ ಬೆನ್ನಲ್ಲಿತ್ತು. ಅಮ್ಮ ಬಾಗಿಲವರೆಗೆ ಹೋಗಿ ಬಂದಳು, ಬೀದಿಗಿಳಿದಳು, ಟ್ಯಾಂಕಿನ ಮೆಟ್ಟಿಲು ಹತ್ತಿ ಇಳಿದು ವಾಪಸ್ ಬಂದಳು. ಉಸಿರು ಕೂಡ ಏರಿರಲಿಲ್ಲ.

“ಭಾರ ಎಲ್ಲಿದೆ? ಒಳಗಿಂದ ಏನಾದ್ರೂ ತೆಗೆದ್ರಾ?”

ಬಸ್ಸು ಬೆಳಗ್ಗೆ ಆರಕ್ಕೆ, ಬ್ಯಾಗಿನ ಅಂಗಡಿ ತೆಗೆಯುವುದು ಹತ್ತಕ್ಕೆ. ಅಕ್ಕ ನನ್ನ ಹೆಗಲಿಗೆ ಮುಲಾಮು ಹಚ್ಚಿದಳು. ಆಮೇಲೆ ಮೆತ್ತಗೆ, “ಈ ಹೆಗಲಲ್ಲಿ ನಿನ್ನ ಕರ್ಕೊಂಡು ಹೋಗಲ್ಲ ಪುಟ್ಟಿ. ಇನ್ನೊಂದ್ಸಲ ರಜೆ ಯಾವಾಗ ಸಿಗುತ್ತೋ ಗೊತ್ತಿಲ್ಲ” ಅಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೀಗೆ ಅಮ್ಮ ಬೆಟ್ಟಕ್ಕೆ ಹೋದಳು. ನನ್ನ ಬ್ಯಾಗು, ನನ್ನ ಅಕ್ಕ, ನನ್ನ ನಾಲ್ಕು ದಿನ! ನಾನು ಅಂಗಡಿಯಲ್ಲಿ ಕೂತು ಆರು ಸ್ಕೂಲ್ ಕೋಟಿಗೆ ಗುಂಡಿ ಹಾಕಿದೆ. ಒಂದಕ್ಕೆ ಗುಂಡಿ ಒಳಗಡೆ ಹಾಕಿದೆ, ಅದು ಬೇರೆ ಕಥೆ. ಮೂರನೇ ದಿನ ಒಂದು ಫೋಟೋ ಬಂತು. ಬಂಡೆಯೊಂದರ ಮೇಲೆ ಇಬ್ಬರೂ ಕಾಲು ಇಳಿಬಿಟ್ಟು ಕೂತಿದ್ದಾರೆ, ಅಕ್ಕನ ತಲೆ ಅಮ್ಮನ ಹೆಗಲ ಮೇಲಿದೆ, ಕಣ್ಣು ಅತ್ತ ಹಾಗಿದೆ. ಅಲ್ಲಿ ನಾನಿರಬೇಕಿತ್ತು. ಹೆಗಲು ಕೊಡುವುದಕ್ಕೆ ನನಗೆ ಹೆಗಲೇ ನೆಟ್ಟಗಿರಲಿಲ್ಲ.

ಐದನೇ ದಿನ ಇಬ್ಬರೂ ಧೂಳು ಮೆತ್ತಿಕೊಂಡು ಬಂದರು. ನಾನು ನೀರು ಕೊಟ್ಟೆ, ಬೂಟಿನ ದಾರ ಬಿಚ್ಚಿದೆ, “ಅಮ್ಮಾ, ಅವತ್ತು ಕಾಲರ್ ನೋಡ್ಕೋ ಅಂದ್ನಲ್ಲ, ಸಾರಿ” ಅಂದೆ. ಅಮ್ಮ ನನ್ನ ತಲೆಗೊಂದು ಮೊಟಕಿದಳು. ಲೆಕ್ಕ ಚುಕ್ತಾ.

“ಅಕ್ಕಾ, ಏನೋ ಮಾತಾಡೋದಿದೆ ಅಂದಿದ್ಯಲ್ಲ?”

“ಮಾತಾಡಿದೆ. ಅಮ್ಮನ ಹತ್ರ. ಮನಸ್ಸು ಹಗುರ ಆಯ್ತು.”

“ನನಗೆ?”

“ಅದನ್ನ ಕೂತು ಹೇಳಕ್ಕಾಗಲ್ಲ. ನಡೀತಾ ಹೇಳ್ಬೇಕು.” ಅಕ್ಕ ಫೋನಿನಲ್ಲಿ ಡ್ಯೂಟಿ ಪಟ್ಟಿ ತೆಗೆದು ನೋಡಿದಳು. “ಮುಂದಿನ ಭಾನುವಾರ ಮಧ್ಯಾಹ್ನದವರೆಗೆ ಖಾಲಿ ಇದ್ದೀನಿ. ಆ ಬ್ಯಾಗಿನ ಅಂಗಡಿಗೆ ಮತ್ತೆ ಹೋಗೋಣ. ಈ ಸಲ ನೀನು ಬಾಯಿ ಮುಚ್ಚು, ಬೆನ್ನು ತೋರ್ಸು.”

“ಆಯ್ತು. ಬಣ್ಣ ಯಾವುದಾದ್ರೂ ಪರವಾಗಿಲ್ಲ” ಅಂದೆ. ಅಂದು ಮುಗಿಸುವಷ್ಟರಲ್ಲಿ ಒಳಗಿನಿಂದ ಅಮ್ಮನ ದನಿ ಬಂತು.

“ಭಾನುವಾರ ತಾನೇ? ನಾನೂ ಬರ್ತೀನಿ ಇರ್ರೇ. ಅರವತ್ತೈದು ಲೀಟ್ರು ನಂಗೆ ಸಾಲ್ತಿಲ್ಲ!”